ಸಾಹುಕಾರನಿಗೊಂದು ದೊಡ್ಡ ನೀರು

ಜಾಗರಣೆ ಜ್ವರ ಹೊಳೆಕಟ್ಟಿಗೆ ಬಂದದ್ದು ಸುಗ್ಗಿ ಮುಗಿಯುವ ಹೊತ್ತಿಗೆ. ಅದಕ್ಕೊಂದು ಉದ್ದನೆಯ ವೈದ್ಯಕೀಯ ಹೆಸರಿತ್ತು. ಆದರೆ ಕೃಷ್ಣೆಯ ದಂಡೆಯ ಮೇಲಿನ ಆ ವಿದ್ಯುತ್ ಸ್ಥಾವರದ ಊರಿನಲ್ಲಿ ಯಾರೂ ಆ ಹೆಸರಿನ ಗೋಜಿಗೆ ಹೋಗಲಿಲ್ಲ. ಜ್ವರ ನಾಲ್ಕಾರು ದಿನ ಮೈ ಕಾಯಿಸಿ ಬಿಡುತ್ತಿತ್ತು. ಬಿಟ್ಟು ಹೋಗುವಾಗ ಮಾತ್ರ ನಿದ್ದೆಯನ್ನು ಕೈಹಿಡಿದು ಕರೆದುಕೊಂಡು ಹೋಗುತ್ತಿತ್ತು.

ಮೊದಮೊದಲು ಜನ ನಗಾಡಿದರು. ವರ್ಷಕ್ಕೊಮ್ಮೆ ಬರುವ ಶಿವರಾತ್ರಿ ಈ ಸಲ ಊರಲ್ಲೇ ಬಿಡಾರ ಹೂಡಿದೆ ಎಂದರು. ತಿಂಗಳು ಉರುಳುತ್ತಿದ್ದಂತೆ ನಗೆ ಒಣಗಿತು. ತಟ್ಟೆಯ ಮುಂದೆ ಕೂತವರು ತುತ್ತು ಎತ್ತುವುದನ್ನು ಮರೆತು ಕೂತೇ ಇರುತ್ತಿದ್ದರು. ಬೀದಿಯಲ್ಲಿ ಹೊರಟವರು ತಿರುವಿನಲ್ಲಿ ನಿಂತು, ತಾವು ಎಲ್ಲಿಗೆ ಹೊರಟಿದ್ದೆವೆಂದು ಎದುರು ಬಂದವರನ್ನೇ ಕೇಳುತ್ತಿದ್ದರು. ಗುಳಿಗೆ ಕೊಟ್ಟರೆ ಮೈ ಬೀಳುತ್ತಿತ್ತು. ಎದ್ದಾಗ ಮುಖದ ಮೇಲೆ ಹಿಂದಿನ ದಿನದ ದಣಿವು ಹಾಗೇ ಕೂತಿರುತ್ತಿತ್ತು.

ಹಾಗೆ ನಿದ್ದೆ ಕಳೆದುಕೊಂಡವರಲ್ಲಿ ಯಮನೂರಪ್ಪನೂ ಒಬ್ಬ. ಸ್ಥಾವರದಲ್ಲಿ ಕ್ರೇನ್ ನಡೆಸುವವನು. ಮುಗಿಲಿನ ಹತ್ತಿರ ಗಾಜಿನ ಗೂಡಿನಲ್ಲಿ ಕೂತು, ಆನೆತೂಕದ ಯಂತ್ರಗಳನ್ನು ಹೂಬುಟ್ಟಿ ಇಳಿಸಿದ ಹಾಗೆ ಇಳಿಸುತ್ತಿದ್ದ ಮನುಷ್ಯ. ಜ್ವರದ ನಂತರ ಅವನನ್ನು ಗೂಡು ಹತ್ತಗೊಡಲಿಲ್ಲ. ಅವನು ದಿನವಿಡೀ ಕ್ವಾರ್ಟರ್ಸಿನ ಪಡಸಾಲೆಯಲ್ಲಿ ಕೂತು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ.

ಅವನ ಹೆಂಡತಿ ಶಶಿಕಲಾ ಅಂಬಿಗೇರ ನದಿ ಮೀನುಗಳ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ಮೀನಿನ ಎರಡೂ ಪಕ್ಕೆಗಳ ಉದ್ದಕ್ಕೆ ಒಂದು ಗೆರೆ ಇರುತ್ತದಲ್ಲ, ಅವಳ ಅರ್ಧ ಆಯುಷ್ಯ ಆ ಗೆರೆಯ ಹಿಂದೆಯೇ ಕಳೆದಿತ್ತು. ಅಲ್ಲಿ ಕಣ್ಣಿಗೆ ಕಾಣದ ಸಣ್ಣ ಗುಳಿಗಳು. ಗುಳಿಗಳಲ್ಲಿ ಕೂದಲಿಗಿಂತ ನವಿರಾದ ಎಳೆಗಳು. ದೂರದಲ್ಲಿ ನೀರು ತುಸು ಮಿಸುಕಿದರೂ ಆ ಎಳೆಗಳು ಬಾಗಿ ಮೀನಿಗೆ ಸುದ್ದಿ ಮುಟ್ಟಿಸುತ್ತವೆ. ಮೀನು ನೀರನ್ನು ಮೈಯಿಂದಲೇ ಕೇಳಿಸಿಕೊಳ್ಳುತ್ತದೆ ಎನ್ನಬಹುದು. ಶಶಿಕಲಾ ಒಂದು ಚಾಪೆ ಮಾಡುತ್ತಿದ್ದಳು. ತೊಟ್ಟಿಯಲ್ಲಿ ಇಳಿಬಿಟ್ಟ ತಂತಿಗಳ ಜಾಲ ಮೀನಿನ ಆ ನರಗಳ ಮಿಡಿತವನ್ನು ಹಿಡಿಯಬೇಕು; ಚಾಪೆಯೊಳಗಿನ ಸಾವಿರಾರು ಮೃದು ಮೊನೆಗಳು ಅದೇ ಲಯದಲ್ಲಿ ಮನುಷ್ಯನ ಬೆನ್ನನ್ನು ಒತ್ತಬೇಕು. ಕೆಸರು ನೀರಿನಲ್ಲಿ ಮುಳುಗಿದವರನ್ನು ಹುಡುಕುವ ಈಜುಗಾರರಿಗೆ ಅದನ್ನು ಅಂಗಿಯಾಗಿ ತೊಡಿಸುವುದು ಅವಳ ಆಸೆಯಾಗಿತ್ತು.

ಒಂದು ಮಧ್ಯಾಹ್ನ ಯಮನೂರಪ್ಪ ಅವಳಿಗೆ ಬುತ್ತಿ ತಂದುಕೊಟ್ಟ. ಪ್ರಯೋಗಶಾಲೆಯ ನೆಲದ ಮೇಲೆ ಚಾಪೆ ಹಾಸಿತ್ತು. ಗಾಜಿನ ತೊಟ್ಟಿಯಲ್ಲಿ ಒಂದು ಕೊರವ ಮೀನು ಕಟ್ಟಿಗೆಯ ಬೊಡ್ಡೆಯ ಕೆಳಗೆ ಅಲ್ಲಾಡದೆ ನಿಂತಿತ್ತು.

"ಒಂಚೂರು ಬೆನ್ನು ಚಾಚ್ಲೇನ?" ಎಂದ.

"ಚಾಚ್ರಿ. ವೈರಿಗೆ ಕಾಲು ತಾಗಿಸಬ್ಯಾಡ್ರಿ," ಎಂದು ಅವಳು ರೊಟ್ಟಿ ಮುರಿದಳು.

ಎರಡು ತುತ್ತು ತಿಂದಿರಬೇಕು, ಕೋಣೆಯಲ್ಲಿ ಏನೋ ಗರಗರ ಸದ್ದು ಕೇಳಿಸಿತು. ನೀರಿನ ಪಂಪು ಕೆಟ್ಟಿತೆಂದುಕೊಂಡು ಎದ್ದಳು. ಪಂಪು ಸರಿಯಾಗೇ ಇತ್ತು. ಸದ್ದು ನೆಲದಿಂದ ಬರುತ್ತಿತ್ತು. ಶಶಿಕಲಾ ಎಂಜಲು ಕೈಯಲ್ಲೇ ನಿಂತುಬಿಟ್ಟಳು. ಆಮೇಲೆ ಹೊರಗೆ ಹೋಗಿ, ಪಿಸುದನಿಯಲ್ಲಿ ಅತ್ತೆಗೆ ಫೋನು ಮಾಡಿದಳು.

ಹುಲಿಗೆವ್ವ ಬಂದವಳು ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಮಗನ ಮುಖ ನೋಡಿದಳು. "ಗೊರಕಿ ಹೊಡ್ಯಾಕತ್ತಾನಲ್ಲ ನನ್ನ ಮಗಾ!" ಎಂದವಳೇ, ತನ್ನ ದನಿಗೆ ತಾನೇ ಹೆದರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತೆ ಸೊಸೆ ಇಬ್ಬರೂ ಗೋಡೆಗೊರಗಿ ಕೂತು, ಹೊಸ ಕೂಸನ್ನು ನೋಡುವವರ ಹಾಗೆ ಅವನನ್ನು ನೋಡುತ್ತ ಇಡೀ ಮಧ್ಯಾಹ್ನ ಕಳೆದರು.

ಹೊತ್ತು ಇಳಿದಾಗ ಅವನು ಕಣ್ಣು ಬಿಟ್ಟ. "ಎಲ್ಲಿದ್ದೆ ನಾ?" ಎಂದ. ಆಮೇಲೆ ತಾನೇ ಹೇಳಿದ: "ಹಸರ ನೀರು ಶಶಿ. ಒಂದು ಬೇರಿನ ಕೆಳಗ ಇದ್ದೆ. ಏನೋ ಬರೋದಿತ್ತು. ಬಂದ್ರ ಬರ್ಲಿ ಅಂತ ನಿಂತಿದ್ದೆ. ಅವಸರ ಅನ್ನೋದ ಇರ್ಲಿಲ್ಲ ನೋಡು."

ಹಾಗೆ ಶುರುವಾಯಿತು ಹೊಳೆಕಟ್ಟಿಯ ನಿದ್ದೆ ವಾರ್ಡು.

ಆಸ್ಪತ್ರೆಯ ಮುಖ್ಯಸ್ಥರಾದ ಡಾಕ್ಟರ್ ಇನಾಯತ್ ಅವಸರದ ಮನುಷ್ಯ, ಆದರೆ ಒಳ್ಳೆಯವರು. ಒಂದು ಕೋಣೆ ಖಾಲಿ ಮಾಡಿಸಿ ತೊಟ್ಟಿಯನ್ನೂ ಚಾಪೆಗಳನ್ನೂ ಅಲ್ಲಿಗೆ ತರಿಸಿದರು. ಬೇರೆ ಮೀನುಗಳನ್ನೂ ಇಟ್ಟು ನೋಡಿದ್ದಾಯಿತು. ಕಾಟ್ಲಾ ಮೀನಿನ ಚಾಪೆಯ ಮೇಲೆ ಮಲಗಿದವರು ಗಳಿಗೆಗೊಮ್ಮೆ ಬೆಚ್ಚಿ ಎದ್ದರು. ಬೇರೆಯವರ ಬಾಯಿಗೆ ಬೀಳುವ ಮೀನಿಗೆ ಎಂದೂ ಪೂರ್ತಿ ನಿಶ್ಚಿಂತೆ ಇರುವುದಿಲ್ಲ. ಅದರ ಮಿಡಿತದ ತಳದಲ್ಲಿ ಒಂದು ನಡುಕ ಇದ್ದೇ ಇರುತ್ತದೆ. ಕೊರವದಂಥ ಹೊಂಚು ಹಾಕುವ ಮೀನು ಹಾಗಲ್ಲ. ಅದು ಎಚ್ಚರವಾಗಿಯೇ ಇರುತ್ತದೆ, ಆದರೆ ಹೆದರಿಕೆ ಇಲ್ಲ. ಅದರ ನರಗಳ ಅಲೆ ಹಳ್ಳದ ಮಡುವಿನಂತೆ ಆಳವಾಗಿ, ನಿಧಾನವಾಗಿ ಹರಿಯುತ್ತದೆ. ಬೆನ್ನಿನ ಚರ್ಮ ಆ ಅಲೆಯನ್ನು ಹಿಡಿದರೆ ಮಿದುಳು ಅದರ ಹಿಂದೆ ಹೋಗುತ್ತದೆ.

ವಾರ್ಡಿನವರು ಕೊರವನಿಗೆ ಸಾಹುಕಾರ ಎಂದು ಹೆಸರಿಟ್ಟರು. ಕೂತಲ್ಲೇ ಕೂತಿರುತ್ತಾನೆ, ಊಟ ತಾನಾಗಿ ಬಾಯಿಯ ಮುಂದೆ ಬರುತ್ತದೆ, ಇನ್ನೇನೆಂದು ಕರೆಯುವುದು? ಕರಿಹಸಿರು ಮೈ, ಪಕ್ಕೆಯಲ್ಲಿ ಮುತ್ತು ಚೆಲ್ಲಿದ ಹಾಗೆ ಬಿಳಿ ಚುಕ್ಕೆ, ಹಾವಿನಂಥ ತಲೆ. ಆಗೊಮ್ಮೆ ಈಗೊಮ್ಮೆ ಮೇಲೆದ್ದು ಬಂದು ಬಾಯಿ ತುಂಬ ಗಾಳಿ ನುಂಗಿ ಮತ್ತೆ ಇಳಿಯುವನು. ಕೊರವಕ್ಕೆ ನೀರಿನಲ್ಲಿನ ಗಾಳಿ ಸಾಲದು. ಅವನು ಗಾಳಿ ನುಂಗಿದಾಗ ವಾರ್ಡಿನ ಅಷ್ಟೂ ಎದೆಗಳು ಒಮ್ಮೆಲೇ ಉಬ್ಬಿ ಇಳಿಯುತ್ತಿದ್ದವು. ಸಂಜೆ ಅವನು ಬೇಟೆಗೆ ಚಿಮ್ಮುವ ಮುಂಚೆ ಚಾಪೆಗಳನ್ನು ಆರಿಸುತ್ತಿದ್ದರು. ಎದ್ದವರು ಚಹಾ ಕುಡಿಯುತ್ತ ತಾವು ಕಂಡ ಬೇರು, ತಾವು ಕಂಡ ಹಸಿರು ಬೆಳಕು ಎಂದು ಒಂದೇ ಕನಸನ್ನು ಹಂಚಿಕೊಳ್ಳುತ್ತಿದ್ದರು, ಒಂದೇ ಊರಿನ ಜನ ಪರವೂರಿನ ಸಂತೆಯಲ್ಲಿ ಸಿಕ್ಕಾಗ ಮಾತಾಡುವ ಹಾಗೆ.

ಹೊಟ್ಟೆ ತುಂಬಿದ ಸಾಹುಕಾರ ಬೆಳೆದ. ಮಳೆಗಾಲ ಕಳೆದು ಚಳಿ ಬರುವಷ್ಟರಲ್ಲಿ ತೋಳುದ್ದ ಮೀರಿದ. ಉದ್ದಕ್ಕೆ ನಿಂತರೆ ಸರಿ. ತಿರುಗಬೇಕಾದರೆ ಬಿಲ್ಲಿನಂತೆ ಮೈ ಬಗ್ಗಿಸಬೇಕು, ಬಗ್ಗಿಸಿದರೆ ಮೂತಿ ಗಾಜಿಗೆ ಉಜ್ಜಬೇಕು.

ಅದರ ಸುದ್ದಿ ಮೊದಲು ಬಂದದ್ದು ಮಲಗಿದವರಿಂದ. ಒಬ್ಬೊಬ್ಬರಾಗಿ ಕತ್ತು ಹಿಡಿದುಕೊಂಡು ಏಳತೊಡಗಿದರು. ಒಂದು ಸಂಜೆ ಯಮನೂರಪ್ಪ ಚಹಾ ಕಪ್ಪು ಹಿಡಿದು ಹೇಳಿದ: "ಗ್ವಾಡಿ ಐತಿ ಶಶಿ."

"ಎಲ್ಲಿ ಐತ್ರೀ?"

"ನೀರಾಗ. ಕಾಣಂಗಿಲ್ಲ. ಆದ್ರ ತಿರುಗಿದಲ್ಲೆಲ್ಲ ಬಡೀತೈತಿ."

ಮನೆಯಲ್ಲೂ ಅವನು ನಡುಮನೆಯ ಉದ್ದಕ್ಕೆ ನಡೆದು, ಗೋಡೆ ಮುಟ್ಟುವ ಮುಂಚೆ ಮೈ ಬಗ್ಗಿಸಿ ತಿರುಗತೊಡಗಿದ. ಹುಲಿಗೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಸೊಸೆಯ ಕಡೆ ನೋಡಿದಳು. "ಆ ಮೀನಿಗೆ ಮನಿ ಸಣ್ಣದಾಗೈತಿ. ಇವನ ಕಾಲಾಗ ಅದರ ಸಂಕಟ ಬಂದೈತಿ ನೋಡು."

ಡಾಕ್ಟರ್ ಇನಾಯತ್ ಮೊದಲು ಒಪ್ಪಲಿಲ್ಲ. "ಆ ಗೋಡೆಯ ಮಿಡಿತ ಒಂದನ್ನೇ ಸೋಸಿ ತೆಗೀರಿ ಮೇಡಂ. ಯಂತ್ರಕ್ಕ ಅದೇನು ದೊಡ್ಡ ಕೆಲಸ?" ಎಂದರು. ಶಶಿಕಲಾ ಸೋಸಿದಳು. ಗೋಡೆ ಹೋಯಿತು, ಗೋಡೆಯ ಜೊತೆ ನೀರೂ ಹೋಯಿತು. ಜನ ಮರದ ದಿಮ್ಮಿಗಳಂತೆ ಬಿದ್ದುಕೊಂಡರು, ಎದ್ದಾಗ ಗುಳಿಗೆ ತಿಂದವರ ಮುಖವೇ ಇತ್ತು. ಡಾಕ್ಟರು ಅದನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. "ಹಂಗಾರ ಸಾಹುಕಾರಗ ದೊಡ್ಡ ನೀರು ಬೇಕು. ಎಲ್ಲಿ ಮಾಡೂಣು?"

ನದಿಯ ಪಕ್ಕದಲ್ಲಿ ಸ್ಥಾವರದ ಹಳೆಯ ಪಂಪುಮನೆ ಇತ್ತು. ಬಿಸಿಲಿನ ವಿದ್ಯುತ್ತು ಬಂದ ಮೇಲೆ ಕಲ್ಲಿದ್ದಲಿನ ಒಲೆಗಳು ಒಂದೊಂದಾಗಿ ಆರಿ, ಪಂಪುಗಳನ್ನು ಕಳಚಿ ಒಯ್ದಿದ್ದರು. ಉಳಿದದ್ದು ಎತ್ತರದ ಹಂಚಿನ ಮಾಡು, ಅದರ ಕೆಳಗೆ ಮನೆಯಷ್ಟು ಅಗಲದ ಕಾಂಕ್ರೀಟಿನ ಹೊಂಡ. ಶಶಿಕಲಾ ಆ ಹೊಂಡದ ತಳದಲ್ಲಿ ನಿಂತು ಕತ್ತೆತ್ತಿ ನೋಡಿದಳು. ಕಿಟಕಿಯಿಂದ ಬೆಳಕು ಓರೆಯಾಗಿ ಬೀಳುತ್ತಿತ್ತು. ನೀರು ತುಂಬಿದರೆ ಇದೇ ಬೆಳಕು ಹಸಿರಾಗುತ್ತದೆ ಎಂದುಕೊಂಡಳು.

ವಾರ್ಡನ್ನು ಹೊಂಡಕ್ಕೆ ತಾಗಿದ ಕೆಳಕೋಣೆಗೆ ತರುವುದು, ಮೂರು ಕಡೆ ಕಾಂಕ್ರೀಟು ಇರಲಿ, ವಾರ್ಡಿನ ಕಡೆಯ ಗೋಡೆ ಒಡೆದು ಗಾಜು ಕೂರಿಸುವುದೆಂದು ಠರಾಯಿತು. ಅಷ್ಟು ನೀರು ಒತ್ತುವಾಗ ಸಾಮಾನ್ಯ ಗಾಜು ಹಪ್ಪಳವಾಗುತ್ತದೆ. ಗೇಣು ದಪ್ಪದ ಪಾರದರ್ಶಕ ಹಲಗೆಯನ್ನು ಲಾರಿಯಲ್ಲಿ ತರಿಸಿದರು. ಅದನ್ನು ಮಾಡಿನ ಕೆಳಗೆ ಇಳಿಸುವಾಗ ಕ್ರೇನಿನ ಗೂಡಿನಲ್ಲಿ ಬೇರೆ ಚಾಲಕನಿದ್ದ. ಕೆಳಗೆ ನಿಂತು ಕೈಸನ್ನೆ ಮಾಡಲು ಯಮನೂರಪ್ಪ ತಾನೇ ಮುಂದೆ ಬಂದ. ಅಂಗೈ ಚಾಚಿ, ಬೆರಳು ಮಡಚಿ, ಮತ್ತೆ ಬಿಚ್ಚಿ, ನೀರಿನೊಳಗೆ ನಿಂತವನಂತೆ ನಿಧಾನವಾಗಿ ಸನ್ನೆ ಮಾಡಿದ. ಹಲಗೆ ಉಸಿರು ಬಿಟ್ಟಷ್ಟು ಸದ್ದಿನಲ್ಲಿ ಜಾಗಕ್ಕೆ ಕೂತಿತು. ಗೂಡಿನಲ್ಲಿದ್ದವನು ಇಳಿದು ಬಂದು ಅವನ ಹೆಗಲು ತಟ್ಟಿದ. ಅಂದು ಮನೆಗೆ ಹೋಗುವಾಗ ಯಮನೂರಪ್ಪ ತನ್ನ ಅಂಗೈಗಳನ್ನು ನೋಡಿಕೊಳ್ಳಲಿಲ್ಲ.

ಹೊಂಡವನ್ನು ತುಂಬಿ ಬರಿದು ಮಾಡಿ, ತುಂಬಿ ಬರಿದು ಮಾಡಿ, ಕಾಂಕ್ರೀಟಿನ ಸುಣ್ಣದ ಖಾರ ಕಳೆದರು. ತಳಕ್ಕೆ ಹೊಳೆಯ ಮರಳು ಹಾಸಿ, ಒಂದು ಮೂಲೆಗೆ ಜೊಂಡು ನೆಟ್ಟರು. ನೆರೆಗೆ ತೇಲಿಬಂದ ಹುಣಸೆಯ ಬೊಡ್ಡೆಯೊಂದನ್ನು ವಾರಗಟ್ಟಲೆ ನೆನೆಸಿ, ಬೇರು ಮೇಲಾಗಿ ಇಟ್ಟರು. ಕೊರವ ನೆಗೆಯುವ ಮೀನು. ಮೇಲೆ ಬಲೆ ಬಿಗಿದರು, ಬಲೆಗೂ ನೀರಿಗೂ ನಡುವೆ ಉಸಿರಾಡಲು ಗಾಳಿ ಬಿಟ್ಟರು. ಕೊನೆಗೆ ಶುದ್ಧ ನೀರು ತುಂಬಿದಾಗ ಡಾಕ್ಟರ್ ಇನಾಯತ್ ಕೈ ಉಜ್ಜಿಕೊಂಡರು.

"ನಾಳೆ ಬಿಡೂಣಲ್ಲ?"

"ಇಲ್ಲ ಡಾಕ್ಟ್ರೇ. ಈ ನೀರು ಇನ್ನೂ ಹಸಿ ಐತಿ."

"ನೀರು ಹಸಿ ಇರಲಾರದ ಒಣಗಿರ್ತೈತೇನು?"

ಶಶಿಕಲಾ ನಕ್ಕಳು. ಆಮೇಲೆ ಬಿಡಿಸಿ ಹೇಳಿದಳು. ಮಾಂಸ ತಿನ್ನುವ ಮೀನು ಬಹಳ ಹೊಲಸು ಮಾಡುತ್ತದೆ. ಆ ಹೊಲಸು ನೀರಿನಲ್ಲಿ ವಿಷವಾಗುತ್ತದೆ. ವಿಷವನ್ನು ತಿಂದು ಬದುಕುವ ಸೂಕ್ಷ್ಮಾಣುಗಳು ಶೋಧಕದ ಕಲ್ಲುಗಳ ಸಂದಿಯಲ್ಲಿ ಮನೆ ಮಾಡಬೇಕು. ಒಂದು ಬಗೆಯವು ಬಂದು ವಿಷವನ್ನು ಅರ್ಧ ಕಳೆಯುತ್ತವೆ, ಇನ್ನೊಂದು ಬಗೆಯವು ಬಂದು ಉಳಿದದ್ದನ್ನು ಕಳೆಯುತ್ತವೆ. ಅವು ತಮ್ಮ ಹೊತ್ತಿಗೇ ಬರುತ್ತವೆ. ಸಣ್ಣ ತೊಟ್ಟಿಯ ಹೊಲಸನ್ನು ತುಸು ಬೆರೆಸಿ, ಹಾಲು ಮೊಸರಾಗಲು ಬಿಟ್ಟ ಹಾಗೆ ನೀರನ್ನು ಬಿಡಬೇಕು.

ಇತ್ತ ಸಣ್ಣ ತೊಟ್ಟಿಯ ನಿದ್ದೆ ದಿನದಿನಕ್ಕೆ ಕೆಡುತ್ತಿತ್ತು. ಮತ್ತೆ ಜನ ಕಣ್ಣು ಕೆಂಪಗೆ ಮಾಡಿಕೊಂಡು ವಾರ್ಡಿನ ಮೆಟ್ಟಿಲ ಮೇಲೆ ಕೂರತೊಡಗಿದರು. ಶಶಿಕಲಾ ಪ್ರತಿದಿನ ಪಂಪುಮನೆಗೆ ಹೋಗಿ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಪರೀಕ್ಷೆಯ ದ್ರಾವಣದ ಹನಿ ಬಿಟ್ಟು ಅದರ ಬಣ್ಣ ನೋಡುತ್ತಿದ್ದಳು. ಬಣ್ಣ ಇನ್ನೂ ವಿಷದ್ದೇ. ಅವಳ ಹಿಂದೆ ಗಂಡ ಬಂದು ನಿಲ್ಲುತ್ತಿದ್ದ. ಬೇಗ ಆಗಲೆಂದು ಅವನು ಒಮ್ಮೆಯೂ ಕೇಳಲಿಲ್ಲ. ಅವನು ಕೇಳದ್ದೇ ಅವಳಿಗೆ ಭಾರವಾಗಿತ್ತು. ಮನೆಯಲ್ಲಿ ಅವನು ಮಲಗಲಾರದೆ ಹೊರಳುವಾಗ ಅವಳೂ ಮಲಗುತ್ತಿರಲಿಲ್ಲ. ಅವನಿಗೆ ಜ್ವರ ಬಂದಾಗಿನಿಂದ ಅವಳು ಒಂದು ಕಿವಿ ತೆರೆದಿಟ್ಟೇ ಮಲಗುತ್ತಿದ್ದಳು. ಆ ಸಂಗತಿ ಅವಳಿಗೇ ಗೊತ್ತಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ನಳಿಕೆಯ ನೀರು ತಿಳಿಯಾಗಿ ಉಳಿಯಿತು. ಸಾಹುಕಾರನನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ಹೊಸ ನೀರಿಗೆ ಒಗ್ಗಿಸಿ ಬಿಟ್ಟರು. ಅವನು ಮೊದಲು ನಿಂತಲ್ಲೇ ನಿಂತ. ಆಮೇಲೆ ಮೆಲ್ಲಗೆ ಮುಂದಕ್ಕೆ ಹೋದ. ಹೋದ, ಹೋಗುತ್ತಲೇ ಇದ್ದ. ಗಾಜು ಸಿಗಲಿಲ್ಲ. ಮೈ ಬಗ್ಗಿಸದೆ ದೊಡ್ಡದೊಂದು ಸುತ್ತು ಹಾಕಿ, ಬೊಡ್ಡೆಯ ಬೇರುಗಳ ಕೆಳಗೆ ಸೇರಿಕೊಂಡ. ಅಂದು ಮಧ್ಯಾಹ್ನ ನಲವತ್ತು ಚಾಪೆಗಳ ಮೇಲೆ ನಲವತ್ತು ಮಂದಿ ಮಲಗಿದರು. ಗೊರಕೆಯ ಸದ್ದಿಗೆ ಹಂಚಿನ ಮಾಡಿನ ಪಾರಿವಾಳಗಳು ಎದ್ದು ಹೋದವು.

ಇಲ್ಲಿಗೆ ಎಲ್ಲ ಸುಖವಾಯಿತೆಂದು ಡಾಕ್ಟರ್ ಇನಾಯತ್ ಎಲ್ಲರಿಗೂ ಪೇಡೆ ಹಂಚಿದರು. ಆದರೆ ಕೆಲವು ವಾರಗಳಲ್ಲಿ ಇನ್ನೊಂದು ಬಂತು. ಜನ ಚೆನ್ನಾಗಿ ಮಲಗಿ ಎದ್ದು, ಕಾರಣವಿಲ್ಲದೆ ಅಳತೊಡಗಿದರು. ಗಟ್ಟಿ ಮನಸ್ಸಿನ ಗಂಡಸರು ಚಹಾ ಕಪ್ಪಿನೊಳಗೆ ಕಣ್ಣೀರು ಬೀಳಿಸಿ ನಾಚಿಕೊಂಡರು.

"ಏನಾಗ್ತೈತ್ರೀ?" ಎಂದು ಶಶಿಕಲಾ ಗಂಡನನ್ನು ಕೇಳಿದಳು.

ಅವನು ಹೇಳಿದ: "ನೀರು ಭಾಳ ದೊಡ್ಡದೈತಿ. ಅಷ್ಟರಾಗ ಒಬ್ಬಾವನ."

ಅವಳು ನದಿಯ ಕೆಳಗಿನ ಮಡುವಿನಿಂದ ಇನ್ನೊಂದು ಕೊರವವನ್ನು ತರಿಸಿದಳು. ಇಂಥ ಮೀನುಗಳನ್ನು ಒಮ್ಮೆಲೇ ಕೂಡಿಸಿದರೆ ಒಂದನ್ನೊಂದು ಹರಿದು ಹಾಕುತ್ತವೆ. ಹೊಂಡದ ನಡುವೆ ಜಾಳಿಗೆ ಇಳಿಸಿ, ಹೊಸ ಮೀನನ್ನು ಆಚೆ ಬಿಟ್ಟಳು. ಸಾಹುಕಾರ ಬೇರಿನ ಕೆಳಗಿನಿಂದ ಹೊರಬಂದು ಜಾಳಿಗೆಗೆ ಮೂತಿ ಹಚ್ಚಿ ನಿಂತ. ಆಚೆಯದೂ ಬಂದು ನಿಂತಿತು. ಅಂದು ಮಲಗಿದವರು, ಮನೆಯ ಪಕ್ಕದ ಕೋಣೆಯಲ್ಲಿ ಯಾರೋ ಬಂದಿದ್ದಾರೆ, ಬಳೆ ಸದ್ದಾಗುತ್ತಿದೆ, ಆದರೆ ಬಾಗಿಲು ತೆರೆಯುತ್ತಿಲ್ಲ ಎಂದು ಹೇಳಿದರು. ಜಾಳಿಗೆ ಎತ್ತಿದ ದಿನ ನೀರೆಲ್ಲ ಕಲಕಿತು, ಚಾಪೆಗಳ ಮೇಲೆ ಕೈಕಾಲು ಬಡಿದಾಟವಾಯಿತು. ಆಮೇಲೆ ಎರಡೂ ಒಂದೇ ಬೇರಿನ ಕೆಳಗೆ, ಪಕ್ಕೆಗೆ ಪಕ್ಕೆ ಹಚ್ಚಿ ನಿಂತವು. ಅಳು ನಿಂತಿತು. ಹೊಸದಕ್ಕೆ ಹುಲಿಗೆವ್ವನೇ ಸಾಹುಕಾರ್ತಿ ಎಂದು ಹೆಸರಿಟ್ಟಳು.

ಮುಂಗಾರು ಬಂತು. ಮಾಡಿನ ಸೋರುವ ಹಂಚುಗಳಿಂದ ಹನಿಗಳು ಹೊಂಡಕ್ಕೆ ಬಿದ್ದವು. ಮಳೆಯ ತಂಪು ನೀರು ಮುಟ್ಟುತ್ತಲೇ ಜೋಡಿ ಮೀನು ಜೊಂಡು ಕಿತ್ತು ಒಂದು ಮೂಲೆಯಲ್ಲಿ ತೇಲುವ ಗೂಡು ಮಾಡಿತು. ಗೂಡಿನ ಮೇಲೆ ಜೇನಿನ ಬಣ್ಣದ ಮೊಟ್ಟೆಗಳು ಕಂಡವು; ಒಂದೆರಡು ದಿನಕ್ಕೆ ಅವು ಒಡೆದವು. ಮುಂದೆ ಮರಿಗಳಿಗೆ ಕೆಂಪು ಬಂದು, ಕುಂಕುಮದ ಉಂಡೆಯೊಂದು ನೀರಿನ ಮೇಲೆ ಕುದಿಯುತ್ತ ಅಲೆದಾಡಿದಂತೆ ಕಾಣುತ್ತಿತ್ತು. ಅದರ ಕೆಳಗೆ ತಂದೆ ತಾಯಿ ಸುತ್ತು ಹಾಕುತ್ತಿದ್ದವು, ನಿಲ್ಲದೆ, ದಣಿಯದೆ.

ನಿಲ್ಲದೆ ಎಂಬುದೇ ಸಂಕಟವಾಯಿತು. ಹೊಂಚು ಹಾಕಿ ನಿಲ್ಲುವ ಆ ಆಳದ ಅಲೆ ಹೋಗಿ, ಅದರ ಬದಲು ಸದಾ ಕಾವಲಿನ ಮಿಡಿತ ಬಂತು. ಚಾಪೆಗಳ ಮೇಲೆ ಯಾರಿಗೂ ನಿದ್ದೆ ಹತ್ತಲಿಲ್ಲ. ಬಾಣಂತಿಯರ ಹಾಗೆ ಅರ್ಧ ಕಣ್ಣು ಮುಚ್ಚಿ ಬಿದ್ದುಕೊಂಡರು. ಯಮನೂರಪ್ಪನ ಕೆನ್ನೆಗಳು ಮತ್ತೆ ಗುಳಿ ಬಿದ್ದವು.

"ಮರಿ ತೆಗೀಲಿಕ್ಕೇ ಬೇಕು ಮೇಡಂ," ಎಂದರು ಡಾಕ್ಟರ್ ಇನಾಯತ್. ಅವರ ದನಿಯಲ್ಲಿ ಗಡಸು ಇರಲಿಲ್ಲ. "ನಲವತ್ತು ಮಂದಿ ನನ್ನ ಮುಖ ನೋಡ್ತಾರ. ಮೀನಿನ ಸಂಸಾರ ನೋಡ್ಕೋತ ಕೂತ್ರ ಇವರ ಸಂಸಾರದ ಗತಿ ಏನು?"

ಶಶಿಕಲಾಳಿಗೂ ಅದೇ ಸರಿಯೆನಿಸಿತು. ಮರಿಗಳಿಗೆ ಬೇರೆ ತೊಟ್ಟಿ ಸಿದ್ಧ ಮಾಡಿ, ಸಣ್ಣ ಕಣ್ಣಿನ ಬಲೆ ತೆಗೆದುಕೊಂಡು ಹೊಂಡದ ಅಂಚಿಗೆ ಬಂದಳು. ಮಧ್ಯಾಹ್ನ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಕೆಂಪು ಉಂಡೆ ಅವಳ ಕಾಲ ಬುಡದಲ್ಲೇ ಮಿಸುಕಾಡುತ್ತಿತ್ತು. ಬಲೆ ನೀರಿಗೆ ತಾಗುವುದಕ್ಕೂ, ಗಾಜಿನ ಆಚೆ ಯಮನೂರಪ್ಪ ಚಾಪೆಯಿಂದ ಎದ್ದು ಕೂರುವುದಕ್ಕೂ ಸರಿಹೋಯಿತು. ಅವನ ಹಿಂದೆಯೇ ಉಳಿದವರೂ ಎದ್ದು ಕೂತರು, ಯಾರೋ ಹೆಸರು ಹಿಡಿದು ಕರೆದ ಹಾಗೆ.

ಅವನು ಮೆಟ್ಟಿಲು ಹತ್ತಿ ಮೇಲೆ ಬಂದ. "ಏನ್ ಮಾಡಾಕತ್ತಿ ಶಶಿ?"

"ಮರಿ ತಗೀತೀನ್ರಿ. ಬ್ಯಾರೆ ನೀರಿಗೆ ಬಿಡ್ತೀನಿ, ಸಾಯಂಗಿಲ್ಲ ಅವು."

"ಯಾರ ಸಲುವಾಗಿ?"

"ನಿಮ್ಮ ಸಲುವಾಗಿ! ಇನ್ಯಾರ ಸಲುವಾಗಿ ತಗೀಲಿ?"

ಅವನು ಬಲೆಯ ಹಿಡಿಯ ಮೇಲೆ ಕೈಯಿಟ್ಟ. "ನೀ ಇಷ್ಟೆಲ್ಲ ಮಾಡಿದಿ, ಒಂದ ಸಲನಾದ್ರೂ ಆ ಚಾಪಿ ಮ್ಯಾಲೆ ಮಕ್ಕೊಂಡಿಯೇನು? ಈಗ ಒಂದ ಸಲ ಮಕ್ಕೊ. ಎದ್ದಮ್ಯಾಲೂ ತಗೀಬೇಕು ಅನಿಸಿದ್ರ ತಗೀ. ನಾ ಬ್ಯಾಡ ಅನ್ನಂಗಿಲ್ಲ."

ಪ್ರಯೋಗ ಮಾಡುವವರು ಪ್ರಯೋಗದೊಳಗೆ ಮಲಗಬಾರದೆಂದು ಅವಳು ಇಷ್ಟು ದಿನ ಹೇಳಿಕೊಂಡು ಬಂದಿದ್ದಳು. ಈಗ ಬಲೆಯನ್ನು ಹೊಂಡದ ಅಂಚಿಗೆ ಇಟ್ಟಳು. ಕೆಳಗಿಳಿದು ಅವನ ಚಾಪೆಯ ಮೇಲೆ ಬೆನ್ನು ಚಾಚಿದಳು. ಅವನು ತಲೆಯ ಹತ್ತಿರ ಕೂತ.

ಮೊದಲು ಬೆನ್ನಿನ ಮೇಲೆ ಸಣ್ಣ ಮಳೆ ಬಿದ್ದ ಹಾಗಾಯಿತು. ಆಮೇಲೆ ಅದು ಮಳೆಯಲ್ಲವೆಂದು ತಿಳಿಯಿತು. ಅಷ್ಟೂ ಮರಿಗಳ ಬಾಲಗಳು ಒಟ್ಟಿಗೆ ನೀರನ್ನು ತಟ್ಟುತ್ತಿದ್ದವು. ಅವಳ ಸುತ್ತ ಹಸಿರು ಬೆಳಕು ದಪ್ಪವಾಗುತ್ತ ಬಂತು. ಕೈ ಇರಲಿಲ್ಲ, ಕಾಲಿರಲಿಲ್ಲ, ಮೈಯೆಲ್ಲ ಕಿವಿಯಾಗಿತ್ತು. ಆ ಸಣ್ಣಸಣ್ಣ ತಟ್ಟುವಿಕೆಯಲ್ಲಿ ಒಂದು ಬಾಲ ತಪ್ಪಿದರೂ ಅವಳಿಗೆ ಗೊತ್ತಾಗುತ್ತಿತ್ತು. ಸುತ್ತಿದಳು. ಮತ್ತೆ ಸುತ್ತಿದಳು. ಎಷ್ಟು ಕಾಲದಿಂದ ಸುತ್ತುತ್ತಿದ್ದಳೋ, ಪಕ್ಕೆಗಳು ನೋಯುತ್ತಿದ್ದವು, ನಿಲ್ಲುವಂತಿರಲಿಲ್ಲ. ನಿಂತರೆ ಯಾರು ನೋಡಿಕೊಳ್ಳುತ್ತಾರೆ?

ಆಗ ಆಳದಿಂದ ಇನ್ನೊಂದು ಮೈ ಮೇಲೆದ್ದು ಬಂತು. ಅವಳ ಪಕ್ಕೆಯನ್ನು ತಲೆಯಿಂದ ಬಾಲದವರೆಗೆ ಒಮ್ಮೆ ಸವರಿಕೊಂಡು ಹೋಯಿತು. ಅಷ್ಟೇ. ಆ ಸವರುವಿಕೆಯಲ್ಲಿ ಮಾತಿರಲಿಲ್ಲ. ಆದರೂ ಅವಳ ಮೈಯ ಒಂದೊಂದೇ ಎಳೆ ಸಡಿಲವಾಯಿತು. ಸುತ್ತುವುದನ್ನು ಅದು ಎತ್ತಿಕೊಂಡಿತು. ಅವಳು ಎಲೆ ಮುಳುಗಿದ ಹಾಗೆ ಮುಳುಗಿದಳು, ಬೇರುಗಳ ಕೆಳಗೆ, ಮರಳಿನ ತನಕ, ಮರಳಿಗಿಂತಲೂ ಕೆಳಗೆ.

ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಕೆಂಪಾಗಿತ್ತು. ಯಮನೂರಪ್ಪ ಕೂತಲ್ಲೇ ಕೂತಿದ್ದ. ವಾರ್ಡಿನಲ್ಲಿ ಪಿಸುಮಾತೂ ಇರಲಿಲ್ಲ. ಡಾಕ್ಟರ್ ಇನಾಯತ್ ಬಾಗಿಲಲ್ಲಿ ನಿಂತು, ಬರುವವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು.

"ಎಷ್ಟೊತ್ತು ಮಕ್ಕೊಂಡಿದ್ನಿ?"

"ಯಾರಿಗೊತ್ತು? ನಾ ಕಾದೆ, ಎಣಿಸಲಿಲ್ಲ," ಎಂದ ಅವನು.

ಅವಳು ಎದ್ದು ನೇರ ನಿಯಂತ್ರಣ ಕೊಠಡಿಗೆ ಹೋದಳು. ಪರದೆಯ ಮೇಲೆ ಆ ಮಧ್ಯಾಹ್ನದ ಅಲೆಗಳನ್ನು ಹಿಂದಕ್ಕೆ ಓಡಿಸಿ ನೋಡಿದಳು. ಕಾವಲಿನ ಚುರುಕು ಗೆರೆಗಳ ನಡುವೆ ಎಲ್ಲೆಲ್ಲಿ ಒಂದು ಮೀನು ಇನ್ನೊಂದರ ಕೈಯಿಂದ ಕಾವಲು ತೆಗೆದುಕೊಂಡಿತೋ, ಅಲ್ಲಲ್ಲಿ ಒಂದು ಸಣ್ಣ ಮಿಡಿತ ಎದ್ದಿರಬೇಕಿತ್ತು. ಎಲ್ಲೂ ಇರಲಿಲ್ಲ. ಜಾಳಿಗೆ ಎತ್ತಿದ ದಿನದ ಬಡಿದಾಟ ನೋಡಿ, ಎರಡು ಮೀನು ತಾಗಿಕೊಂಡಾಗ ಏಳುವ ಗದ್ದಲವೆಂದು ಯಂತ್ರಕ್ಕೆ ಅದನ್ನು ಅಳಿಸಲು ಹೇಳಿದ್ದವಳು ಅವಳೇ. ಅಳಿಸುವ ಗುಂಡಿ ಆರಿಸಿದಳು. ಮಿಡಿತ ಮೂಡಿತು. ಅದರ ಬೆನ್ನಿಗೇ, ಅದರ ಜೊತೆ ಅಳಿಸಿಹೋಗಿದ್ದ, ಬಿಡುಗಡೆ ಪಡೆದ ಮೀನಿನ ಅಲೆ, ಹೊಂಚಿನ ಅಲೆಗಿಂತ ಎಷ್ಟೋ ಪಾಲು ಆಳಕ್ಕೆ ಇಳಿದಿತ್ತು.

"ಆದರ ನಿಮಗ್ಹ್ಯಾಂಗ ನಿದ್ದಿ ಬಂತು? ಚಾಪಿಗೆ ಇದು ಹೋಗಾಕತ್ತಿರಲೇ ಇಲ್ಲಲ್ಲ?" ಎಂದರು ಅವಳ ಹಿಂದೆ ಬಂದು ನಿಂತಿದ್ದ ಡಾಕ್ಟರು.

ಶಶಿಕಲಾ ಉತ್ತರಿಸುವ ಮುಂಚೆ ಗಂಡನ ಕಡೆ ನೋಡಿದಳು. ತಾನು ಮುಳುಗುತ್ತಿದ್ದ ಹೊತ್ತಿನಲ್ಲಿ ಅವನು ತನ್ನ ತೋಳನ್ನು ಹೆಗಲಿನಿಂದ ಮಣಿಕಟ್ಟಿನವರೆಗೆ ಒಮ್ಮೆ ಸವರಿದ್ದನೆಂಬುದು ಅವಳಿಗೆ ಈಗ ನೆನಪಾಯಿತು. "ಇವರು ಹೇಳಿದ್ರು," ಎಂದಳು. "ನಾ ಅದೀನಿ, ನೀ ಹೋಗು ಅಂತ."

ಮರುದಿನದಿಂದ ಆ ಮಿಡಿತವನ್ನು ಅಳಿಸದೆ ಚಾಪೆಗಳಿಗೆ ಬಿಟ್ಟರು. ಸಾಹುಕಾರ ಬಂದು ಸಾಹುಕಾರ್ತಿಯನ್ನು ಸವರಿದಾಗ ನಲವತ್ತು ಮಂದಿಯ ಉಸಿರು ಒಟ್ಟಿಗೆ ಕೆಳಗಿಳಿಯಿತು. ಜ್ವರ ಕದ್ದದ್ದು ನಿದ್ದೆಯನ್ನಲ್ಲ ಎಂದು ಶಶಿಕಲಾಳಿಗೆ ಅರ್ಥವಾಯಿತು. ಮಿದುಳಿನ ಯಾವುದೋ ಸಣ್ಣ ಮೂಲೆಯಲ್ಲಿ ಕೂತು, ಕಾವಲಿದೆ ಮಲಗು ಎಂದು ಹೇಳುವ ದನಿಯನ್ನು ಅದು ಸುಟ್ಟಿತ್ತು. ಹೊಂಚಿನ ಅಲೆ ಊರುಗೋಲಾಗಿತ್ತು ಅಷ್ಟೇ. ಈಗಿನದು ಮದ್ದು. ದಿನದಿನವೂ ಕೇಳುತ್ತ ಕೇಳುತ್ತ ಆ ಮೂಲೆ ತನ್ನ ಮಾತನ್ನು ಮತ್ತೆ ಕಲಿಯಿತು. ಮರಿಗಳ ಕೆಂಪು ಬಣ್ಣ ಮಾಸಿ, ಅವು ದೊಡ್ಡವಾಗಿ, ತಂದೆ ತಾಯಿಯೇ ಅವನ್ನು ಅಟ್ಟತೊಡಗುವ ಹೊತ್ತಿಗೆ ಅರ್ಧ ಚಾಪೆಗಳು ಖಾಲಿಯಾಗಿದ್ದವು. ಮರಿಗಳನ್ನು ಆಗ ಬಲೆಯಲ್ಲಿ ಹಿಡಿದು ನದಿಯ ಮಡುವಿಗೆ ಬಿಟ್ಟರು. ಯಾರ ಬೆನ್ನೂ ಬೆಚ್ಚಲಿಲ್ಲ.

ಯಮನೂರಪ್ಪ ಮತ್ತೆ ಕ್ರೇನಿನ ಗೂಡು ಹತ್ತಿದ. ಆದರೂ ಕೆಲವು ವಾರ ಅವನು ಮಲಗಲು ಪಂಪುಮನೆಗೇ ಹೋಗುತ್ತಿದ್ದ. ಮನೆಯಲ್ಲಿ ಮಲಗಿ ನೋಡಲು ಧೈರ್ಯ ಬಂದಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಪಡಸಾಲೆಯ ಮಂಚದ ಮೇಲೆ ಒರಗಿ, ಸ್ಥಾವರದಲ್ಲಿ ಹೊಸದಾಗಿ ಬಂದ ಯಂತ್ರದ ವಿಷಯ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಒಂದು ಮಾತು ಅರ್ಧಕ್ಕೆ ನಿಂತಿತು. ಶಶಿಕಲಾ ತಿರುಗಿ ನೋಡಿದಳು. ಅವನ ಬಾಯಿ ತುಸು ತೆರೆದಿತ್ತು, ಎದೆ ನಿಧಾನವಾಗಿ ಏರಿ ಇಳಿಯುತ್ತಿತ್ತು. ಕೆಳಗೆ ತಂತಿಯಿರಲಿಲ್ಲ, ಚಾಪೆಯಿರಲಿಲ್ಲ. ಬರೀ ಹಳೆಯ ಕೌದಿ.

ಅವಳು ಕದಲಲಿಲ್ಲ. ಎಂಜಲು ತಟ್ಟೆಗಳು ಹಾಗೇ ಇದ್ದವು. ಹೊರಗೆ ಯಾರದೋ ಬೈಕು ಸದ್ದು ಮಾಡಿಕೊಂಡು ಹೋದಾಗ ಅವಳ ಉಸಿರು ನಿಂತು ಮತ್ತೆ ಬಂತು. ಅವನು ಏಳಲಿಲ್ಲ. ಅವಳು ಮಂಚದ ಕಾಲಿಗೆ ಬೆನ್ನು ಕೊಟ್ಟು ಕೂತು ಅವನ ಉಸಿರನ್ನೇ ಕೇಳಿಸಿಕೊಳ್ಳುತ್ತಿದ್ದಳು. ಒಂದು ಉಸಿರು ತಡವಾದರೂ ಕತ್ತು ತಿರುಗುತ್ತಿತ್ತು.

ಹುಲಿಗೆವ್ವ ಅಡಿಗೆಮನೆಯಿಂದ ಬಂದಳು. ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು. ತಟ್ಟೆಗಳನ್ನು ಸದ್ದಾಗದಂತೆ ಎತ್ತಿಟ್ಟು ಬಂದು ಅವಳ ಪಕ್ಕದಲ್ಲಿ ಕೂತಳು.

"ಎಷ್ಟ ದಿನ ಹಿಂಗ ಕೂಡ್ರತೀಯವ್ವಾ?" ಎಂದಳು ಮೆಲ್ಲಗೆ. "ನೀ ಮಕ್ಕೊ. ನಾ ಅದೀನಲ್ಲ."

ಶಶಿಕಲಾ ಏನೋ ಹೇಳಹೋದಳು. ಅತ್ತೆಯ ಒರಟು ಅಂಗೈ ಅವಳ ಬೆನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ಸವರಿತು. ಅವಳು ಅಲ್ಲೇ ನೆಲದ ಮೇಲೆ, ತೋಳನ್ನೇ ತಲೆದಿಂಬು ಮಾಡಿಕೊಂಡು ಮಲಗಿದಳು.